ಹೊಸ್ತಿಲಲ್ಲೇ ನಿಂತ ತಪಾಸಣೆ

ಬೈಲಹೊಂಗಲ
30 ಸೆಪ್ಟೆಂಬರ್ 2024
(ರಜಿಸ್ಟರ್ ಅಂಚೆ)

ಇವರಿಗೆ,
ಶ್ರೀಮತಿ ಜೈಬುನ್ನಿಸಾ, ಮನೆ ಆರೈಕೆ ಸಹಾಯಕಿ, ಸವದತ್ತಿ.

ವಿಷಯ: ಮುನವಳ್ಳಿಯ ಶ್ರೀಮತಿ ಮಾಯವ್ವ ಅವರ ಆರೈಕೆಯಲ್ಲಿ ಆದ ನಿರ್ಲಕ್ಷ್ಯದ ಬಗ್ಗೆ ವಿವರಣೆ ಕೇಳಿ.

ಹಾಸಿಗೆ ಹಿಡಿದವರ ಮನೆಗಳಿಗೆ ನಮ್ಮ ಬೆನ್ನಾಸರೆ ಟ್ರಸ್ಟ್, ‘ಕೈಗುಣ ಮನೆ ಆರೈಕೆ ಸೇವೆ’ಯ ಮೂಲಕ ಸಹಾಯಕಿಯರನ್ನು ಕಳಿಸುತ್ತಿರುವುದು ನಿಮಗೆ ತಿಳಿದಿದೆ. ಆ ಸೇವೆ ಸರಿಯಾಗಿ, ಸುರಕ್ಷಿತವಾಗಿ ನಡೆದಿದೆಯೇ ಎಂದು ಮನೆಮನೆಗೆ ಹೋಗಿ ನೋಡುವುದು ಟ್ರಸ್ಟಿನ ಪರಿಶೀಲಕನಾದ ನನ್ನ ಕೆಲಸ. ಸೆಪ್ಟೆಂಬರ್ 6ರಂದು ಮಾಯವ್ವ ಅವರ ಮನೆಗೆ ಭೇಟಿ ಕೊಟ್ಟು, ‘ಬೆನ್ನು ಮತ್ತು ಸೊಂಟದ ಚರ್ಮ ಸುಸ್ಥಿತಿಯಲ್ಲಿದೆ, ರೋಗಿ ತೃಪ್ತರಾಗಿದ್ದಾರೆ’ ಎಂದು ವರದಿ ಮಾಡಿದ್ದೇನೆ. ಸೆಪ್ಟೆಂಬರ್ 20ರಂದು ಜ್ವರವೆಂದು ಆಸ್ಪತ್ರೆಗೆ ಸೇರಿಸಿದಾಗ ಅವರ ಸೊಂಟದ ಹಿಂಭಾಗದಲ್ಲಿ ಆಳವಾದ ಹಾಸಿಗೆ ಹುಣ್ಣು ಕಂಡುಬಂದಿದೆ.

ಎರಡು ತಾಸಿಗೊಮ್ಮೆ ರೋಗಿಯ ಮಗ್ಗುಲು ಬದಲಿಸಬೇಕೆಂಬ ನಿಯಮವನ್ನು ಈ ಹದಿನಾಲ್ಕು ದಿನಗಳಲ್ಲಿ ನೀವು ಪಾಲಿಸಿಲ್ಲ ಎಂದು ಕೈಗುಣದ ವ್ಯವಸ್ಥಾಪಕರಾದ ಶ್ರೀ ಮಡಿವಾಳೆಪ್ಪ ಅವರು ಬರೆದುಕೊಟ್ಟಿದ್ದಾರೆ. ನನ್ನ ವರದಿಯೂ ಅದಕ್ಕೆ ಹೊಂದುತ್ತದೆ. ಹದಿನೈದು ದಿನಗಳೊಳಗೆ ಲಿಖಿತ ವಿವರಣೆ ಕೊಡದಿದ್ದರೆ ನಿಮ್ಮ ಹೆಸರನ್ನು ಸಹಾಯಕಿಯರ ಪಟ್ಟಿಯಿಂದ ತೆಗೆಯಲಾಗುವುದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಕಡೆ ನಿಮಗೆ ಆರೈಕೆಯ ಕೆಲಸ ಸಿಗುವುದಿಲ್ಲ ಎಂಬುದನ್ನು ಗಮನಿಸಬೇಕು. ಹೆಚ್ಚಿನ ಮಾಹಿತಿಗೆ ಟ್ರಸ್ಟಿನ ಆಫೀಸಿಗೆ ಫೋನ್ ಮಾಡಬಹುದು.

ಗೌರೀಶ ಹಣಬರಟ್ಟಿ
ಪರಿಶೀಲಕ

ಪ್ರತಿ: ವ್ಯವಸ್ಥಾಪಕರು, ಕೈಗುಣ ಮನೆ ಆರೈಕೆ ಸೇವೆ.

*

ಸವದತ್ತಿ
7 ಅಕ್ಟೋಬರ್ 2024

ಗೌರೀಶ ಸರ್ ಅವರಿಗೆ ಜೈಬುನ್ನಿಸಾಳ ಸಲಾಮು.

ಪತ್ರದ ತಲೆಗೆ ‘ನಾವೆಲ್ಲ ಕ್ಷೇಮ’ ಎಂದು ಬರೆಯಲು ಶಾಲೆಯಲ್ಲಿ ಕಲಿಸಿದ್ದರು. ಇವತ್ತು ಬರೆಯುವುದಿಲ್ಲ. ಎಲ್ಲರೂ ಕ್ಷೇಮ ಎಂದು ಬರೆದದ್ದರಿಂದಲೇ ಇಷ್ಟೆಲ್ಲ ಆಗಿದೆ.

ಫೋನನ್ನೂ ಮಾಡುವುದಿಲ್ಲ. ಮಾಯವ್ವನ ಬೆನ್ನು ಕೆಂಪಾಗುತ್ತಿದೆ, ಗಾಳಿ ಹಾಸಿಗೆ ಕೊಡಿಸಿ ಎಂದು ಆಗಸ್ಟಿನಲ್ಲಿ ಮಡಿವಾಳೆಪ್ಪನವರಿಗೆ ನಾಲ್ಕು ಸಲ ಫೋನಿನಲ್ಲಿ ಹೇಳಿದ್ದೆ. ಈಗ ಕೇಳಿದರೆ, “ನೀ ಯಾವಾಗ ಹೇಳಿದ್ದಿ, ಯಾರ ಮುಂದ ಹೇಳಿದ್ದಿ?” ಎನ್ನುತ್ತಾರೆ. ಹುಣ್ಣು ತಿಂಗಳಿಗಿಂತ ಹಳೆಯದು ಎಂದು ಆಸ್ಪತ್ರೆಯ ಡಾಕ್ಟರು ಬಾಯಲ್ಲಿ ಹೇಳಿದರು, ಚೀಟಿಯಲ್ಲಿ ಬರೆಯಲಿಲ್ಲ. ನನ್ನ ಕೊರಳಿಗೆ ಕಾಗದ ಬಂದಿದೆ. ಹಾಗಾಗಿ ನಾವಿಬ್ಬರೂ ಕಾಗದದಲ್ಲೇ ಮಾತಾಡೋಣ.

ಸೆಪ್ಟೆಂಬರ್ ಆರನೆಯ ತಾರೀಖು ನಿಮಗೆ ನೆನಪಿರಲಿಕ್ಕಿಲ್ಲ, ನನಗೆ ಇದೆ. ನೀವೂ ಮಡಿವಾಳೆಪ್ಪನವರೂ ಪಡಸಾಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಿರಿ. ಮಾಯವ್ವನ ಸೊಸೆ ಕೆಂಪವ್ವ ನಿಮಗೆ ಅವಲಕ್ಕಿ, ಚಹಾ ಕೊಟ್ಟಳು. ನೀವು ಕಡತ ತಿರುವಿದಿರಿ. ಆಮೇಲೆ ಎದ್ದು ಬಂದು ಒಳಕೋಣೆಯ ಹೊಸ್ತಿಲ ಹೊರಗೆ, ಪರದೆಯ ಆಚೆ ನಿಂತು ಕೇಳಿದಿರಿ: “ಆರಾಮ ಅದೀರೇನ್ರಿ, ಯವ್ವಾ?” ಒಳಗಿನಿಂದ ಮಾಯವ್ವ, “ಆರಾಮ ಅದೀನ್ರಿ. ಛಾ ಕುಡದ್ರೇನ್ರಿ?” ಎಂದರು. ಅಷ್ಟಕ್ಕೆ ನಿಮ್ಮ ತಪಾಸಣೆ ಮುಗಿಯಿತು.

ನಾನು ಪರದೆಯ ಈಚೆ ಇದ್ದೆ ಸರ್. ನಿಮಗೆ ತೋರಿಸಲೆಂದೇ ಮಾಯವ್ವನನ್ನು ಮಗ್ಗುಲಿಗೆ ಹೊರಳಿಸಿ, ಬೆನ್ನಿನ ಬಟ್ಟೆ ಸರಿಸಿ ಹಿಡಿದುಕೊಂಡಿದ್ದೆ. ಆ ಹೊತ್ತಿಗೇ ಅಲ್ಲಿ ರೂಪಾಯಿ ಅಗಲದ ಗಾಯವಿತ್ತು. ಮೂರು ವರ್ಷದ ಹಿಂದೆ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕಲು ಹೋಗಿ ಬಿದ್ದ ದಿನದಿಂದ ಅವರಿಗೆ ಸೊಂಟದ ಕೆಳಗೆ ಸ್ಪರ್ಶವೇ ಇಲ್ಲ. ಹುಣ್ಣಾದರೂ ನೋವು ತಿಳಿಯುವುದಿಲ್ಲ. ಇನ್ನು ‘ಆರಾಮ’ ಎನ್ನುವುದು ನಮ್ಮ ಕಡೆ ಯಾರು ಕೇಳಿದರೂ ಯಾರಾದರೂ ಹೇಳುವ ಮಾತು, ಜ್ವರ ಬಂದು ನಡುಗುತ್ತಿದ್ದರೂ ಹೇಳುತ್ತೇವೆ. ಅದನ್ನು ಕೇಳಿ ‘ಚರ್ಮ ಸುಸ್ಥಿತಿಯಲ್ಲಿದೆ’ ಎಂದು ಬರೆದಿರಿ. ನೀವು ಹೆಡ್‌ಮಾಸ್ತರರಾಗಿ ನಿವೃತ್ತರಾದವರಂತೆ. ಉತ್ತರ ಪತ್ರಿಕೆ ಬಿಚ್ಚದೆ ಮಾರ್ಕ್ಸ್ ಕೊಡುತ್ತಿದ್ದಿರೇನು?

ಗಂಡಸರು ಹೆಂಗಸರ ಕೋಣೆಗೆ ನುಗ್ಗಬಾರದು, ನಿಜ. ನಾನೂ ಬುರ್ಖಾ ಹಾಕಿಕೊಂಡೇ ಮುನವಳ್ಳಿ ಬಸ್ಸು ಹತ್ತುವವಳು. ಆದರೆ ನನಗಿಂತ ಹೆಚ್ಚು ಪರದೆ ಪಾಲಿಸುವವರು ನೀವು ಎಂದು ಅವತ್ತು ಗೊತ್ತಾಯಿತು.

ಒಳಗೆ ಬಂದಿದ್ದರೆ ಗೋಡೆ ನೋಡುತ್ತಿದ್ದಿರಿ. ಹಾಲು ಹಾಕುವವರ ಲೆಕ್ಕಕ್ಕೆ ಗೋಡೆಯ ಮೇಲೆ ಗೀಟು ಎಳೆಯುತ್ತಾರಲ್ಲ, ಹಾಗೆ ಮಾಯವ್ವನ ಮಗ್ಗುಲು ಬದಲಿಸಿದಾಗೆಲ್ಲ ನಾನು ಇದ್ದಿಲಿನಿಂದ ಒಂದು ಗೀಟು ಎಳೆದಿದ್ದೇನೆ. ಒಂದು ದಿನಕ್ಕೆ ಒಂದು ಸಾಲು. ಸೋಮವಾರ, ಬುಧವಾರ, ಶುಕ್ರವಾರದ ಸಾಲುಗಳಲ್ಲಿ ನಡುವೆ ಖಾಲಿ ಇದೆ. ಆ ದಿನಗಳಲ್ಲಿ ಹನ್ನೆರಡರಿಂದ ಐದರವರೆಗೆ ಮಡಿವಾಳೆಪ್ಪನವರು ನನ್ನನ್ನು ನವಿಲುತೀರ್ಥದ ಇನ್ನೊಂದು ಮನೆಗೆ ಕಳಿಸುತ್ತಿದ್ದರು. ನೀವು ಬರುವ ದಿನ ಶುಕ್ರವಾರವಾದರೂ ಕಳಿಸಲಿಲ್ಲ. ಅವರ ಹಾಜರಿ ಹಾಳೆಯಲ್ಲಿ ನಾನು ಒಂದೇ ಹೊತ್ತಿಗೆ ಎರಡೂ ಮನೆಯಲ್ಲಿದ್ದೇನೆ. ಆ ಹಾಳೆಗೆ ತಿಂಗಳ ಮೊದಲೇ ನನ್ನಿಂದ ಸಹಿ ಹಾಕಿಸಿಕೊಳ್ಳುತ್ತಿದ್ದರು. ಗೋಡೆಯ ಮೇಲೆ ಮಾತ್ರ ನಾನಿಲ್ಲದ ಹೊತ್ತಿಗೆ ಗೀಟು ಎಳೆದಿಲ್ಲ.

ಹೋಗಿ ನೋಡಿ. ಆಮೇಲೆ ಒಂದೇ ಒಂದು ಸಾಲು ಬರೆದುಕೊಡಿ: ‘ಸೆಪ್ಟೆಂಬರ್ ಆರರಂದು ನಾನು ಒಳಗೆ ಹೋಗಿ ನೋಡಲಿಲ್ಲ.’ ನನಗೆ ಅಷ್ಟು ಸಾಕು. ಹದಿನೊಂದು ವರ್ಷ ಈ ಕೆಲಸ ಮಾಡಿದ್ದೇನೆ, ನನ್ನ ಕೈಯಲ್ಲಿ ಯಾರ ಮೈಯೂ ಕೊಳೆತಿಲ್ಲ. ಈ ಹೆಸರನ್ನು ನಿಮ್ಮ ಪಟ್ಟಿಯಿಂದ ಸುಮ್ಮನೆ ತೆಗೆಯಲು ಬಿಡುವುದಿಲ್ಲ.

ಜೈಬುನ್ನಿಸಾ

*

ಬೈಲಹೊಂಗಲ
18 ಅಕ್ಟೋಬರ್ 2024

ಶ್ರೀಮತಿ ಜೈಬುನ್ನಿಸಾ ಅವರಿಗೆ,

ನಿಮ್ಮ ಪತ್ರ ತಲುಪಿದೆ. ಅದರ ಭಾಷೆ ಒರಟಾಗಿದೆ ಎಂದು ತಿಳಿಸಲು ವಿಷಾದಿಸುತ್ತೇನೆ.

ಪರಿಶೀಲನೆ ಎಂದರೆ ದಾಖಲೆ ನೋಡುವುದು, ಮನೆಯವರನ್ನೂ ರೋಗಿಯನ್ನೂ ವಿಚಾರಿಸುವುದು. ಮಹಿಳಾ ರೋಗಿಯ ಮರ್ಯಾದೆ ಕಾಯುವುದೂ ಪರಿಶೀಲಕನ ಕರ್ತವ್ಯ. ಆ ದಿನ ನಾನು ಎಲ್ಲಿ ನಿಂತಿದ್ದೆ ಎಂಬುದು ಇಲ್ಲಿ ಮುಖ್ಯವಲ್ಲ. ನನ್ನ ಎದುರು ಇದ್ದದ್ದು ಸಹಿ ಮಾಡಿದ ಹಾಳೆಗಳು, ಅವುಗಳ ಮೇಲಿನ ಸಹಿ ನಿಮ್ಮದೇ.

ಆದರೂ ನ್ಯಾಯದ ದೃಷ್ಟಿಯಿಂದ, ನೀವು ಹೇಳುವ ಗೋಡೆಯನ್ನು ದೀಪಾವಳಿ ಕಳೆದ ಮೇಲೆ ನವೆಂಬರ್ 4ರಂದು ಪರಿಶೀಲಿಸುತ್ತೇನೆ. ಅಲ್ಲಿಯವರೆಗೆ ನಿಮ್ಮ ಹೆಸರು ಪಟ್ಟಿಯಲ್ಲಿ ಇರುತ್ತದೆ, ಕೆಲಸ ಇರುವುದಿಲ್ಲ.

ಗೌರೀಶ ಹಣಬರಟ್ಟಿ
ಪರಿಶೀಲಕ

ಪ್ರತಿ: ವ್ಯವಸ್ಥಾಪಕರು, ಕೈಗುಣ ಮನೆ ಆರೈಕೆ ಸೇವೆ. (ಸಹಾಯಕಿಯ ಪತ್ರದ ನಕಲನ್ನು ಇದರೊಂದಿಗೆ ಇರಿಸಿದೆ.)

*

ಬೈಲಹೊಂಗಲ
5 ನವೆಂಬರ್ 2024

ಶ್ರೀಮತಿ ಜೈಬುನ್ನಿಸಾ ಅವರಿಗೆ,

ನಿನ್ನೆ ಮುನವಳ್ಳಿಗೆ ಹೋಗಿದ್ದೆ. ಶ್ರೀ ಮಡಿವಾಳೆಪ್ಪ ಅವರೂ ಜೊತೆಯಲ್ಲಿದ್ದರು. ಮಾಯವ್ವ ಅವರು ಇನ್ನೂ ಆಸ್ಪತ್ರೆಯಲ್ಲಿದ್ದುದರಿಂದ ಪರದೆ ಸರಿಸಿ ಗೋಡೆಗಳನ್ನು ನೋಡಿದೆ. ಬಿಳಿ ಗೋಡೆ. ಯಾವ ಗೀಟೂ ಇಲ್ಲ, ಗುರುತೂ ಇಲ್ಲ.

ನಾನು ನಿಮ್ಮನ್ನು ಸ್ವಲ್ಪ ನಂಬಿದ್ದೆ. ಅದಕ್ಕೆ ಈಗ ನಾಚಿಕೆಯಾಗುತ್ತಿದೆ. ನಿಮ್ಮ ಹೆಸರನ್ನು ತೆಗೆಯುವಂತೆ ಶಿಫಾರಸು ಮಾಡುತ್ತಿದ್ದೇನೆ.

ಗೌರೀಶ ಹಣಬರಟ್ಟಿ
ಪರಿಶೀಲಕ

ಪ್ರತಿ: ವ್ಯವಸ್ಥಾಪಕರು, ಕೈಗುಣ ಮನೆ ಆರೈಕೆ ಸೇವೆ.

*

ಸವದತ್ತಿ
11 ನವೆಂಬರ್ 2024

ಗೌರೀಶ ಸರ್,

ನಿಮ್ಮ ಪತ್ರಗಳ ಕೊನೆಯ ಸಾಲನ್ನು ನೀವೇ ಒಂದು ಸಲ ಓದಿ. ‘ಪ್ರತಿ: ವ್ಯವಸ್ಥಾಪಕರು, ಕೈಗುಣ.’ ನನ್ನ ಇಡೀ ಪತ್ರವನ್ನು ನಕಲು ತೆಗೆದು ಅವರ ಕೈಗೇ ಕೊಟ್ಟಿರಿ. ಯಾವ ಗೋಡೆ, ಯಾವ ಕೋಣೆ, ನೀವು ಯಾವ ತಾರೀಖಿಗೆ ಬರುತ್ತೀರಿ, ಎಲ್ಲವೂ ನಮ್ಮಿಬ್ಬರ ಪತ್ರಗಳಲ್ಲಿತ್ತು. ಅಕ್ಟೋಬರ್ ಇಪ್ಪತ್ತನಾಲ್ಕಕ್ಕೆ ಮಡಿವಾಳೆಪ್ಪನವರು ಇಬ್ಬರು ಆಳುಗಳನ್ನೂ ಒಂದು ಬಕೆಟ್ ಸುಣ್ಣವನ್ನೂ ಕಳಿಸಿದರು. ಕೆಂಪವ್ವ ಶನಿವಾರ ಸವದತ್ತಿ ಪೇಟೆಯಲ್ಲಿ ಸಿಕ್ಕಿದ್ದಳು, ಅವಳೇ ಹೇಳಿದಳು.

“ಹಬ್ಬಕ್ಕ ನಮ್ಮ ಕಂಪನಿಯಿಂದ ಪೇಶೆಂಟ್ ಕೋಣಿಗೆ ಸುಣ್ಣ ಹಚ್ಚಿಸಿ ಕೊಡತೇವಿ ಅಂದ್ರು ಜೈಬುನಕ್ಕಾ. ಭಾಳ ಒಳ್ಳೆಯವರು ಅಂತ ನಾ ಅವರಿಗೆ ಹೋಳಗಿ ಮಾಡಿ ಉಣಿಸೇನಿ.”

ಪಾಪ, ಅವಳದು ತಪ್ಪಲ್ಲ. ದೀಪಾವಳಿಗೆ ಸುಣ್ಣ ಬೇಡ ಎಂದು ಯಾರು ಹೇಳುತ್ತಾರೆ? ಆದರೆ ದೀಪಾವಳಿ ಒಂದೇ ಕೋಣೆಗೆ ಬರುತ್ತದೆಯೇ ಸರ್? ಪಡಸಾಲೆಯ ಗೋಡೆ ನೋಡಿದಿರಾ? ಅಡಿಗೆಮನೆಯ ಗೋಡೆ? ಮತ್ತೆ ಹೊಸ್ತಿಲಲ್ಲೇ ನಿಂತಿರಿ, ಪರದೆ ಮಾತ್ರ ಸರಿಸಿದಿರಿ. ನನಗೆ ಬಂದ ಸಿಟ್ಟಿಗೆ ಎರಡು ದಿನ ಪೆನ್ನು ಹಿಡಿಯಲಾಗಲಿಲ್ಲ.

ನಿಮಗೆ ನಾಚಿಕೆಯಾಯಿತು ಎಂದು ಬರೆದಿದ್ದೀರಿ. ನನ್ನ ನಾಚಿಕೆಯನ್ನೂ ಕೇಳಿ, ಇದುವರೆಗೆ ಬರೆದಿರಲಿಲ್ಲ. ಆರನೆಯ ತಾರೀಖು ನೀವು ಹೊರಗಿನಿಂದಲೇ ಹೊರಟಾಗ ನಾನು ಕೂಗಬಹುದಿತ್ತು. “ಸರ್, ಒಳಗ ಬರ್ರಿ, ಇಲ್ಲಿ ನೋಡ್ರಿ” ಎನ್ನಲು ಎಷ್ಟು ಹೊತ್ತು? ನಾಲಿಗೆಯ ತುದಿಗೆ ಬಂದಿತ್ತು. ಮಡಿವಾಳೆಪ್ಪನವರ ಕೆಮ್ಮು ಕೇಳಿಸಿತು, ಸುಮ್ಮನಾದೆ. ಕೆಲಸ ಹೋದೀತೆಂದು ಹೆದರಿದೆ. ಬಟ್ಟೆ ಸರಿಮಾಡಿ ಮಾಯವ್ವನನ್ನು ಅಂಗಾತ ಮಲಗಿಸಿದೆ, ಆ ಗಾಯದ ಮೇಲೆಯೇ. ಆ ಹೊತ್ತು ನೆನಪಾದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಸುಮ್ಮನಿದ್ದರೂ ಕೆಲಸ ಹೋಯಿತು ನೋಡಿ.

ಗೋಡೆ ಹೋಯಿತು. ಡಾಕ್ಟರು ಬರೆಯಲಿಲ್ಲ, ಫೋನಿನ ಮಾತಿಗೆ ಸಾಕ್ಷಿ ಇಲ್ಲ. ನೀವು ಒಳಗೆ ಬರಲಿಲ್ಲ ಎಂಬುದಕ್ಕೆ ಈಗ ಉಳಿದಿರುವ ಸಾಕ್ಷಿ ನೀವೊಬ್ಬರೇ. ನಾನು ನನ್ನದನ್ನು ಬರೆದಿದ್ದೇನೆ. ನಿಮ್ಮದನ್ನು ಬರೆಯುವ ಧೈರ್ಯವಿದ್ದರೆ ಬರೆಯಿರಿ. ಇಲ್ಲವಾದರೆ ಹೆಸರು ತೆಗೆಯಿರಿ. ಆದರೆ ತೆಗೆಯುವ ಮೊದಲು ಆ ಮನೆಯ ಉಳಿದ ಗೋಡೆಗಳನ್ನು ನೋಡಿ ಬನ್ನಿ.

ಜೈಬುನ್ನಿಸಾ

ಈ ಪತ್ರದ ಪ್ರತಿಯನ್ನು ಯಾರಿಗೂ ಕಳಿಸಬೇಡಿ.

*

ಬೈಲಹೊಂಗಲ
16 ಡಿಸೆಂಬರ್ 2024

ಜೈಬುನ್ನಿಸಾ ಅವರಿಗೆ ಗೌರೀಶನ ನಮಸ್ಕಾರ.

ನಿಮ್ಮ ಪತ್ರವನ್ನು ಮೊದಲು ಕಡತದಲ್ಲಿ ಹಾಕಿಬಿಟ್ಟೆ. ನಾಲ್ಕು ದಿನ ಬಿಟ್ಟು ಹೊರಗೆ ತೆಗೆದೆ. ಮತ್ತೆ ಒಳಗಿಟ್ಟೆ. ಉತ್ತರ ತಡವಾದದ್ದಕ್ಕೆ ಕಾರಣ ಕೆಲಸದ ಒತ್ತಡವಲ್ಲ, ಅಂಜಿಕೆ.

ಕಳೆದ ಬುಧವಾರ ಯಾರಿಗೂ ಹೇಳದೆ ಬಸ್ಸು ಹತ್ತಿ ಮುನವಳ್ಳಿಗೆ ಹೋದೆ. ಮಾಯವ್ವನವರ ಮಗ ನಿಜಗುಣಪ್ಪ ಬಾಗಿಲಲ್ಲೇ ಸಿಕ್ಕರು. “ಒಬ್ರಽ ಬಂದ್ರಿ? ಮಡಿವಾಳೆಪ್ಪನವರು ಬರಲಿಲ್ಲೇನ್ರಿ?” ಎಂದರು. ಚಹಾ ಬೇಡ, ಮನೆಯ ಗೋಡೆ ನೋಡಬೇಕು ಎಂದೆ. ನಗುತ್ತ ಕರೆದುಕೊಂಡು ಹೋದರು. ಪಡಸಾಲೆಯಲ್ಲಿ ಹಳೆಯ ಹಸಿರು ಬಣ್ಣ, ಅಡಿಗೆಮನೆಯಲ್ಲಿ ಹೊಗೆಯ ಕಪ್ಪು. ಇಡೀ ಮನೆಯಲ್ಲಿ ಬೆಳ್ಳಗಿದ್ದದ್ದು ಅದೊಂದೇ ಕೋಣೆ. ನಿಜಗುಣಪ್ಪನವರ ನಗು ನಿಧಾನವಾಗಿ ನಿಂತಿತು.

ಹೊಸ ಸಹಾಯಕಿ ಎಲ್ಲಿ ಎಂದು ಕೇಳಿದೆ. “ನವಿಲುತೀರ್ಥಕ್ಕ ಕಳಿಸ್ಯಾರ್ರಿ, ಐದಕ್ಕ ಬರತಾಳ” ಎಂದರು ಕೆಂಪವ್ವ. ನನ್ನ ಚೀಲದಲ್ಲಿದ್ದ ಹಾಳೆಯ ಪ್ರಕಾರ ಆ ಹುಡುಗಿ ಅದೇ ಹೊತ್ತಿಗೆ ಮಾಯವ್ವನವರ ಪಕ್ಕದಲ್ಲಿ ಕುಳಿತಿದ್ದಳು.

ಆಮೇಲೆ ಹೊಸ್ತಿಲ ಹತ್ತಿರ ಹೋಗಿ ನಿಂತೆ. ಅಭ್ಯಾಸ ನೋಡಿ, ಕಾಲು ಅಲ್ಲೇ ನಿಂತಿತು, ಬಾಯಿ ಅದನ್ನೇ ಕೇಳಿತು: “ಆರಾಮ ಅದೀರೇನ್ರಿ, ಯವ್ವಾ?”

ಒಳಗಿನಿಂದ ಉತ್ತರ ಬಂತು. “ಆರಾಮ ಇಲ್ರಿ. ಯಾರವರು? ಅವತ್ತ ಬಂದ ಮಾಸ್ತರೇನು? ಜೈಬುನ್ನ ಓಡಿಸಿದವರು?”

“ಹೌದ್ರಿ.”

“ಒಳಗ ಬರ್ರಿ.”

“ನೀವು ಹೆಣ್ಮಕ್ಕಳು... ನಾ ಹೆಂಗ...”

“ಅರವತ್ತೆರಡು ವರ್ಷ ಆತು ನನಗ. ಮೂರು ಹಡದೇನಿ. ನನ್ನ ಗಾಯಕ್ಕ ನಾಚಿಕಿ ಇಲ್ಲ, ನಿಮ್ಮ ಕಣ್ಣಿಗ್ಯಾಕ ನಾಚಿಕಿ? ಬರ್ರಿ ಅಂದ್ರ ಬರ್ರಿ.”

ಒಳಗೆ ಹೋದೆ. ಕೆಂಪವ್ವ ಅವರನ್ನು ಮಗ್ಗುಲಿಗೆ ಹೊರಳಿಸಿ, ಪಟ್ಟಿ ಬಿಚ್ಚಿ ತೋರಿಸಿದರು. ನನ್ನ ಅಂಗೈಯಷ್ಟು ಅಗಲವಿದೆ. ಒಳಗೆ ಎಲುಬು ಕಾಣುತ್ತದೆ. ನಾನು ನೆಲದ ಮೇಲೆ ಕುಳಿತುಬಿಟ್ಟೆ. ಮಾಯವ್ವನವರೇ ಸೊಸೆಗೆ, “ಮಾಸ್ತರಿಗೆ ನೀರ ಕೊಡಽ” ಎಂದರು. ಇಷ್ಟಾದ ಮೇಲೆ ಅವರು ನಿಮ್ಮ ಮಾತು ತೆಗೆದರು. “ಜೈಬುನ್ ತಾ ಎಳದ ಗೀಟು ದಿನಾ ನನಗ ಎಣಿಸಿ ತೋರಿಸ್ತಿದ್ಲು. ಖಾಲಿ ಜಾಗಾನೂ ತೋರಿಸ್ತಿದ್ಲು. ನನ್ನ ಯಾರೂ ಕೇಳಲಿಲ್ಲ. ಪರದೆ ಹೊರಗ ನಿಂತು ಆರಾಮೇನು ಅಂತಾರ, ಅಷ್ಟಽ” ಎಂದರು.

ಹೌದು, ಇಡೀ ವಿಚಾರಣೆಯಲ್ಲಿ ಗಾಯ ಯಾರದೋ ಅವರನ್ನೇ ನಾನು ಕೇಳಿರಲಿಲ್ಲ. ನಿಮಗೆ ಮೂರು ಪತ್ರ ಬರೆದೆ, ಮಡಿವಾಳೆಪ್ಪನವರಿಗೆ ಮೂರು ಪ್ರತಿ ಕಳಿಸಿದೆ, ಅವರಿಗೆ ಒಂದನ್ನೂ ಕಳಿಸಲಿಲ್ಲ.

ಮನೆಗೆ ಬಂದು ನನ್ನ ಎಲ್ಲ ವರದಿಗಳನ್ನು ಹರವಿಕೊಂಡು ಕುಳಿತೆ. ಎರಡು ವರ್ಷದಲ್ಲಿ ನಲವತ್ತಮೂರು ಮನೆಗಳ ತಪಾಸಣೆ ಮಾಡಿದ್ದೇನೆ. ಇಪ್ಪತ್ತಾರು ಮನೆಗಳಲ್ಲಿ ರೋಗಿ ಹೆಂಗಸು. ಆ ಇಪ್ಪತ್ತಾರರಲ್ಲಿ ಒಬ್ಬರನ್ನೂ ನಾನು ವರದಿ ಬರೆಯುವ ಮೊದಲು ಕಣ್ಣಾರೆ ನೋಡಿಲ್ಲ. ಎಲ್ಲ ವರದಿಗಳಲ್ಲೂ ‘ಚರ್ಮ ಸುಸ್ಥಿತಿಯಲ್ಲಿದೆ’ ಎಂದಿದೆ. ರಾಮದುರ್ಗದ ಒಬ್ಬರು ಈಗ ಇಲ್ಲ. ಅವರಿಗೆ ಏನಾಗಿತ್ತೆಂದು ನನಗೆ ಗೊತ್ತಿಲ್ಲ. ಗೊತ್ತಾಗುವ ದಾರಿಯನ್ನು ನಾನೇ ಮುಚ್ಚಿದ್ದೇನೆ.

ಇವತ್ತು ಟ್ರಸ್ಟಿಗೆ ಕೊಟ್ಟ ಪತ್ರದ ಸಾಲುಗಳನ್ನು ಇಲ್ಲಿ ಬರೆಯುತ್ತೇನೆ, ಅದರ ಪಟ್ಟಿಯ ನಕಲನ್ನೂ ಇದರೊಂದಿಗೆ ಇರಿಸಿದೆ:

‘ಸೆಪ್ಟೆಂಬರ್ 6ರಂದು ನಾನು ಮಾಯವ್ವ ಅವರ ಕೋಣೆಯ ಒಳಗೆ ಹೋಗಲಿಲ್ಲ. ಅವರ ಮೈಯನ್ನು ನೋಡಲಿಲ್ಲ. ನೋಡಿದೆನೆಂದು ಬರೆದದ್ದು ಸುಳ್ಳು. ಇನ್ನೂ ಇಪ್ಪತ್ತೈದು ಮಹಿಳೆಯರ ವಿಷಯದಲ್ಲಿ ಬರೆದದ್ದೂ ಸುಳ್ಳು, ಪಟ್ಟಿ ಲಗತ್ತಿಸಿದೆ. ಜೈಬುನ್ನಿಸಾ ಅವರ ಪತ್ರದ ನಕಲನ್ನು ನಾನು ಕೈಗುಣಕ್ಕೆ ಕಳಿಸಿದ್ದರಿಂದಲೇ ಸಾಕ್ಷಿ ಅಳಿಸಿಹೋಗಿದೆ. ಇನ್ನು ಮುಂದೆ ಮಹಿಳಾ ರೋಗಿಗಳ ತಪಾಸಣೆಗೆ ಮಹಿಳೆಯರೇ ಹೋಗಬೇಕು, ಹೋದವರು ಒಳಗೆ ಹೋಗಬೇಕು.’

ಅಧ್ಯಕ್ಷರು ಓದಿ, “ಒಂದು ಮನೀದು ಬರೀರಿ ಸಾಕು, ಉಳದದ್ದು ಯಾಕ ಕೆದರತೀರಿ?” ಎಂದರು. ಕೆದರಿಯೇ ಕೊಟ್ಟೆ. ಜನವರಿಯಿಂದ ನಾನು ಬರುವುದು ಬೇಡವಂತೆ. ಬೇಸರವಿಲ್ಲ ಎಂದರೆ ಸುಳ್ಳಾದೀತು, ಸುಳ್ಳು ಬರೆದದ್ದು ಸಾಕು.

ನಿಮ್ಮ ಕ್ಷಮೆ ಕೇಳುತ್ತೇನೆ. ಕೊಡಲೇಬೇಕೆಂದಿಲ್ಲ.

ಗೌರೀಶ ಹಣಬರಟ್ಟಿ

ಪ್ರತಿ: ಶ್ರೀಮತಿ ಮಾಯವ್ವ, ಮುನವಳ್ಳಿ. (ಓದಿ ಹೇಳುವುದು.)

*

ಮುನವಳ್ಳಿ
28 ಡಿಸೆಂಬರ್ 2024

ಗೌರೀಶ ಸರ್ ಅವರಿಗೆ ಸಲಾಮು.

ಊರಿನ ಹೆಸರು ನೋಡಿ ಗೊತ್ತಾಗಿರಬೇಕು. ಸೋಮವಾರದಿಂದ ಮತ್ತೆ ಮಾಯವ್ವನ ಹತ್ತಿರ ಇದ್ದೇನೆ. ಕೈಗುಣದಿಂದಲ್ಲ, ಮಾಯವ್ವನೇ ಕರೆಸಿಕೊಂಡದ್ದು. ಜೈಬುನ್ ಬರುವ ತನಕ ಯಾರ ಕೈಯನ್ನೂ ಮೈಗೆ ತಾಗಿಸಿಕೊಳ್ಳುವುದಿಲ್ಲ ಎಂದು ಮಗನ ಮುಂದೆ ಹಟ ಹಿಡಿದರಂತೆ. ನಿಜಗುಣಪ್ಪ ಸವದತ್ತಿಗೆ ಬಂದು, “ಪೇಪರ್ ನಂಬಿ ನಿಮ್ಮನ್ನ ಹೊರಗ ಹಾಕಿದೆ ಅಕ್ಕಾರ, ತಪ್ಪಾತು” ಎಂದರು. ಗಾಳಿ ಹಾಸಿಗೆ ತರಿಸಿದರೆ ಮಾತ್ರ ಬರುತ್ತೇನೆ ಎಂದೆ. ತರಿಸಿದ್ದಾರೆ.

ನಿಮ್ಮ ಪತ್ರವನ್ನು ಮಾಯವ್ವನಿಗೆ ಓದಿ ಹೇಳಿದೆ. ‘ಸುಳ್ಳು’ ಎಂಬಲ್ಲಿ ಮತ್ತೊಮ್ಮೆ ಓದು ಎಂದರು. ಮೂರು ಸಲ ಓದಿಸಿಕೊಂಡು, “ಮಾಸ್ತರ ಗಟ್ಟಿ ಅದಾನ ಬಿಡು, ತಡಾ ಆದ್ರೂ” ಎಂದರು. ನಾನು ಅಷ್ಟು ಸುಲಭಕ್ಕೆ ಹೇಳುವುದಿಲ್ಲ. ಹುಣ್ಣು ಮಾಯಲು ಆರು ತಿಂಗಳಾದರೂ ಬೇಕು, ನನ್ನ ಸಿಟ್ಟಿಗೂ ಅಷ್ಟು ದಿನ ಕೊಡಿ. ಆದರೆ ಆ ಪಟ್ಟಿಯನ್ನು ಬರೆದಿರಲ್ಲ, ಅದಕ್ಕೆ ಕೈ ಮುಗಿಯುತ್ತೇನೆ. ಅದರಲ್ಲಿರುವ ಸವದತ್ತಿಯ ಮನೆಗಳಿಗೆ ನಾನೂ ಕೆಂಪವ್ವನೂ ಭಾನುವಾರ ಹೋಗಿ ಬರುತ್ತೇವೆ. ಒಳಗೇ ಹೋಗುತ್ತೇವೆ.

ನನ್ನ ಹೆಸರು ಇನ್ನೂ ಸಹಾಯಕಿಯರ ಪಟ್ಟಿಗೆ ಮರಳಿಲ್ಲ. ಜನವರಿ ಒಂಬತ್ತಕ್ಕೆ ಬೈಲಹೊಂಗಲದ ಆಫೀಸಿನಲ್ಲಿ ವಿಚಾರಣೆ, ಹಾಜರಿರಿ ಎಂದು ಟ್ರಸ್ಟಿನಿಂದ ಕಾಗದ ಬಂದಿದೆ. ಸುಮ್ಮನೆ ಮುಗಿಸೋಣ ಎಂದು ಮಡಿವಾಳೆಪ್ಪನವರೂ ಎರಡು ಸಲ ಹೇಳಿ ಕಳಿಸಿದರು. ಅದಕ್ಕೆ ಮಾಯವ್ವ ಉತ್ತರ ಹೇಳಿದ್ದಾರೆ. ಅವರು ಹೇಳಿದ್ದನ್ನೇ ಬರೆದು, ಅವರ ಹೆಬ್ಬೆಟ್ಟು ಒತ್ತಿಸಿ ಟ್ರಸ್ಟಿಗೆ ರಜಿಸ್ಟರ್ ಮಾಡಿದ್ದೇನೆ: “ಹುಣ್ಣು ನಂದು. ವಿಚಾರಣಿ ನನ್ನ ಕೋಣ್ಯಾಗ ಆಗಬೇಕು. ಅಧ್ಯಕ್ಷರು ಬರ್ಲಿ, ಮಡಿವಾಳೆಪ್ಪ ಬರ್ಲಿ. ಯಾರೂ ಹೊಸ್ತಿಲಾಗ ನಿಂದ್ರಬಾರದು.” ಆ ಹೊತ್ತಿಗೆ ನೀವು ಪರಿಶೀಲಕರಲ್ಲದಿದ್ದರೂ ಬರಬೇಕಂತೆ. ನಿಮಗೆ ಚಹಾ ಒಳಗೇ ಕೊಡುತ್ತಾರಂತೆ.

ಬಂದ ದಿನದಿಂದಲೇ ಮತ್ತೆ ಗೀಟು ಎಳೆಯುತ್ತಿದ್ದೇನೆ. ನಾನು ಮನೆಗೆ ಹೋದ ಮೇಲೆ ಕೆಂಪವ್ವ ಎಳೆಯುತ್ತಾಳೆ, ಖಾಲಿ ಜಾಗ ಬಿದ್ದಿಲ್ಲ. ಮಡಿವಾಳೆಪ್ಪನವರು ಸುಣ್ಣವನ್ನು ಚೆನ್ನಾಗಿಯೇ ಹಚ್ಚಿಸಿದ್ದಾರೆ. ಇದ್ದಿಲು ಮೊದಲಿಗಿಂತ ಎದ್ದು ಕಾಣುತ್ತದೆ.

ಜೈಬುನ್ನಿಸಾ

ಪ್ರತಿ: ವ್ಯವಸ್ಥಾಪಕರು, ಕೈಗುಣ ಮನೆ ಆರೈಕೆ ಸೇವೆ. (ಈ ಸಲ ನಾನೇ ಕಳಿಸಿದ್ದೇನೆ.)